ಬಣ್ಣದ ಕಾರಣಕ್ಕೆ ಆದ ಗಾಯ ಮಾಯುವ ಬಗೆ

ಕಳೆದ ಸಂಚಿಕೆಯಲ್ಲಿ ನಿದ್ರಾನಾಶದ ಕಾರಣಗಳನ್ನು ಕುರಿತು ಬರೆಯುವಾಗ, ಮನಸ್ಸಿಗೆ ತಗುಲಿದ ಅವಮಾನವೂ ನಿದ್ರೆಯನ್ನು ಕೆಡಿಸುತ್ತದೆ ಎಂಬ ಮಾತೊಂದನ್ನು ಸೇರಿಸಿದ್ದೆವು. ಅದನ್ನು ಓದಿದ ಕೆಲವು ತಂದೆತಾಯಿಗಳು ನಮ್ಮನ್ನು ಕಂಡು ಒಂದೇ ಬಗೆಯ ಪ್ರಶ್ನೆಯನ್ನು ಕೇಳಿದರು. ಅವರ ಮಕ್ಕಳು ಓದಿಗಾಗಿಯೋ ನೌಕರಿಗಾಗಿಯೋ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದ್ದಾರೆ. ಬೀದಿಯಲ್ಲಿ, ರೈಲಿನಲ್ಲಿ, ಕೆಲವೊಮ್ಮೆ ಕೆಲಸದ ಜಾಗದಲ್ಲಿಯೇ ಮೈಬಣ್ಣವನ್ನು ಹಿಡಿದು ಆಡಿದ ಮಾತನ್ನು ಕೇಳಿ ಮನೆಗೆ ಬರುತ್ತಾರೆ. ಕೆಲವರು ಫೋನಿನಲ್ಲಿ ಹೇಳಿಕೊಳ್ಳುತ್ತಾರೆ, ಹಲವರು ಹೇಳಿಕೊಳ್ಳುವುದೂ ಇಲ್ಲ. “ಪರದೇಶ, ಸಹಿಸಿಕೊಂಡು ಸುಮ್ಮನಿರು ಎಂದು ಹೇಳಿದ್ದೇವೆ. ಹಾಗೆ ಹೇಳಿದ್ದು ಸರಿಯೇ ಡಾಕ್ಟರೇ?” ಎಂಬುದು ಅವರ ಪ್ರಶ್ನೆ.

ಅಪಾಯ ಎದುರಿಗೆ ನಿಂತಿರುವ ಆ ಕ್ಷಣದಲ್ಲಿ ಸುಮ್ಮನಿದ್ದು ಅಲ್ಲಿಂದ ಹೊರಟುಬರುವುದು ಸರಿಯೇ. ಆದರೆ ಸುಮ್ಮನಿರುವುದನ್ನೇ ಜೀವಮಾನದ ಔಷಧವೆಂದು ಕೊಡುವುದನ್ನು ವೈದ್ಯರಾಗಿ ನಾವು ಒಪ್ಪಲಾರೆವು. ಏಕೆ ಒಪ್ಪಲಾರೆವೆಂಬುದನ್ನು ತಿಳಿಸಲು, ಈ ಗಾಯವನ್ನು ನಮಗಿಂತ ಬಹುಕಾಲದಿಂದ, ನಮಗಿಂತ ಬಹು ಆಳವಾಗಿ ಅನುಭವಿಸಿದ ಜನರ ಕಡೆಗೆ ನೋಡಬೇಕಾಗುತ್ತದೆ. ಅಮೆರಿಕದ ಕಪ್ಪು ಜನರು ಗುಲಾಮಗಿರಿಯ ಕಾಲದಿಂದ ಈ ನೋವನ್ನು ಉಂಡವರು. ನೋವು ದೇಹಕ್ಕೆ ಏನು ಮಾಡಿತೆಂಬುದೂ, ಅದರಿಂದ ಅವರು ಹೇಗೆ ಚೇತರಿಸಿಕೊಂಡರೆಂಬುದೂ ಅಲ್ಲಿ ಚೆನ್ನಾಗಿ ದಾಖಲಾಗಿದೆ.

ಗಾಯದ ಸ್ವರೂಪ

ಮೊದಲು ಮಕ್ಕಳ ವಿಷಯ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞ ದಂಪತಿಗಳು 1940ರ ಆಸುಪಾಸಿನಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ನಡೆಸಿದರು. ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಒಂದೇ ರೀತಿಯಿದ್ದ ಗೊಂಬೆಗಳನ್ನು ಇಟ್ಟರು. ಕೆಲವು ಬಿಳಿ, ಕೆಲವು ಕಂದು. ಒಳ್ಳೆಯ ಗೊಂಬೆ ಯಾವುದು, ಕೆಟ್ಟ ಗೊಂಬೆ ಯಾವುದು ಎಂದು ಕೇಳಿದಾಗ ಬಹುಪಾಲು ಮಕ್ಕಳು ಬಿಳಿಯ ಗೊಂಬೆಯನ್ನು ಒಳ್ಳೆಯದೆಂದರು. ಕೊನೆಯಲ್ಲಿ “ನಿನ್ನಂತೆ ಇರುವ ಗೊಂಬೆ ಯಾವುದು?” ಎಂದು ಕೇಳಿದಾಗ ಕೆಲವು ಮಕ್ಕಳು ಅಳತೊಡಗಿದರು. ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪು ನೀಡಿದಾಗ ಉಲ್ಲೇಖಿಸಿದ ಅಧ್ಯಯನಗಳಲ್ಲಿ ಕ್ಲಾರ್ಕ್ ಅವರದೂ ಒಂದು.

ಆ ಮಕ್ಕಳನ್ನು ಆ ಕೊಠಡಿಯಲ್ಲಿ ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಹೊರಗಿನವರ ತಿರಸ್ಕಾರವು ಒಳಗೆ ಇಳಿದು ಮಗುವಿನದೇ ಅಭಿಪ್ರಾಯವಾಗಿ ಕುಳಿತಿತ್ತು. ಚೂರಿಯ ಗಾಯವಾದರೆ ಚೂರಿಯನ್ನು ಕಿತ್ತು ಎಸೆಯಬಹುದು. ಇಲ್ಲಿ ಇರಿದ ಆಯುಧವೇ ಕರಗಿ ರಕ್ತದಲ್ಲಿ ಬೆರೆತಂತಾಗಿದೆ. ಆದುದರಿಂದಲೇ ಇದು ಸಾಮಾನ್ಯ ದುಃಖಕ್ಕಿಂತ ಬೇರೆಯಾದುದು.

ದೇಹದ ಮೇಲಿನ ಪರಿಣಾಮವೂ ಕಡಿಮೆಯದಲ್ಲ. ಭಯವಾದಾಗ ಹೃದಯ ವೇಗವಾಗಿ ಬಡಿಯುವುದು, ರಕ್ತದೊತ್ತಡ ಏರುವುದು, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಹರಿಯುವುದು ಸಹಜ. ಹುಲಿ ಬಂದು ಹೋದರೆ ಇವೆಲ್ಲ ಮತ್ತೆ ಇಳಿಯುತ್ತವೆ. ಆದರೆ ಅವಮಾನವು ಯಾವ ತಿರುವಿನಲ್ಲಿ, ಯಾರ ಬಾಯಿಂದ ಬರುವುದೋ ತಿಳಿಯದವನಿಗೆ ಹುಲಿ ಹೋಗುವುದೇ ಇಲ್ಲ. ದೇಹವು ಹಗಲಿರುಳು ಕಾವಲು ಕಾಯುತ್ತಲೇ ಇರುತ್ತದೆ. ಹೀಗೆ ಕಾದು ಕಾದು ದೇಹ ತೆರುವ ಬೆಲೆಯನ್ನು 1993ರಲ್ಲಿ ಮೆಕ್‌ಯೂಅನ್ ಮತ್ತು ಸ್ಟೆಲ್ಲರ್ ಎಂಬ ವಿಜ್ಞಾನಿಗಳು ‘ಅಲೊಸ್ಟ್ಯಾಟಿಕ್ ಲೋಡ್’ ಎಂದು ಕರೆದರು. ದೇಹದ ಮೇಲೆ ಕೂಡುತ್ತ ಹೋಗುವ ಹೊರೆ ಎಂದು ನಾವು ತಿಳಿದುಕೊಂಡರೆ ಸಾಕು. ಅದಕ್ಕೂ ಒಂದು ವರ್ಷ ಮೊದಲು ಆರ್ಲೀನ್ ಜೆರೋನಿಮಸ್ ಎಂಬ ಸಂಶೋಧಕಿಯು ವಿಚಿತ್ರವಾದ ಸಂಗತಿಯೊಂದನ್ನು ವಿವರಿಸಿದ್ದರು. ಬಿಳಿಯ ತಾಯಂದಿರಲ್ಲಿ ಹದಿಹರೆಯದ ಹೆರಿಗೆಗಿಂತ ಇಪ್ಪತ್ತು ದಾಟಿದ ಮೇಲಿನ ಹೆರಿಗೆಯಲ್ಲಿ ಮಗುವಿನ ಕ್ಷೇಮ ಹೆಚ್ಚು. ಅದು ನಾವೆಲ್ಲ ನಿರೀಕ್ಷಿಸುವುದೇ. ಕಪ್ಪು ತಾಯಂದಿರಲ್ಲಿ ಈ ಲೆಕ್ಕವು ತಲೆಕೆಳಗಾಗಿತ್ತು. ಇಪ್ಪತ್ತೈದು ತುಂಬುವುದರೊಳಗೇ ಅವರ ದೇಹ ಸವೆಯತೊಡಗಿತ್ತು. ಬಿಸಿಲು ಮಳೆಗೆ ಬಂಡೆಯು ಸವೆಯುವುದಕ್ಕೆ ಇಂಗ್ಲಿಷಿನಲ್ಲಿ ‘ವೆದರಿಂಗ್’ ಎನ್ನುತ್ತಾರೆ. ಆಕೆ ಈ ಸ್ಥಿತಿಗೆ ಅದೇ ಹೆಸರನ್ನಿಟ್ಟರು.

ನಮ್ಮ ಶಾಸ್ತ್ರಕ್ಕೆ ಇದು ಹೊಸ ವಿಚಾರವಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಯಾವ ಯಾವ ಗುಂಪಿನಲ್ಲಿ ಯಾವುದು ಮೊದಲನೆಯದೆಂದು ಹೇಳುವ ದೀರ್ಘವಾದ ಪಟ್ಟಿಯೊಂದಿದೆ. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ಅಲ್ಲಿ ಅಗ್ರಸ್ಥಾನ ದೊರೆತಿರುವುದು ವಿಷಾದಕ್ಕೆ. ವಿಷಾದವೆಂದರೆ ಬರಿಯ ಅಳುವಲ್ಲ. ತನ್ನಿಂದ ಇನ್ನೇನೂ ಆಗದು, ಮಾಡಿ ಪ್ರಯೋಜನವಿಲ್ಲ ಎಂದು ಮನಸ್ಸು ಕುಸಿದು ಕೂರುವುದೇ ವಿಷಾದ. ಅಳುವವನಿಗಿಂತ, ಅಳುವುದನ್ನೂ ಬಿಟ್ಟು ಸುಮ್ಮನಾದವನ ನಾಡಿಯನ್ನು ನೋಡುವಾಗ ನಮಗೆ ಹೆಚ್ಚು ಆತಂಕವಾಗುತ್ತದೆ.

ನಾಲ್ವರು ವಿದ್ಯಾರ್ಥಿಗಳು

ಇನ್ನು ಚೇತರಿಕೆಯ ಮಾತು. ನಾರ್ತ್ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬರೊ ಪಟ್ಟಣದಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಇದ್ದ ಕಾಲೇಜಿನಲ್ಲಿ 1959-60ನೆಯ ಸಾಲಿನಲ್ಲಿ ನಾಲ್ವರು ಹುಡುಗರು ಮೊದಲ ವರ್ಷದ ತರಗತಿಯಲ್ಲಿದ್ದರು. ಜೋಸೆಫ್ ಮೆಕ್‌ನೀಲ್, ಫ್ರಾಂಕ್ಲಿನ್ ಮೆಕೇನ್, ಎಜೆಲ್ ಬ್ಲೇರ್ ಮತ್ತು ಡೇವಿಡ್ ರಿಚ್‌ಮಂಡ್ ಎಂಬುದು ಅವರ ಹೆಸರುಗಳು. ಮೆಕೇನ್ ಬಹುಕಾಲದ ನಂತರ ತಮ್ಮ ಆಗಿನ ಮನಸ್ಸನ್ನು ಬಿಚ್ಚಿ ಹೇಳಿದ್ದಾರೆ. ನೀನು ಒಳ್ಳೆಯವನಾಗಿರು, ಚೆನ್ನಾಗಿ ಓದು, ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಹಿರಿಯರು ಕಲಿಸಿದ್ದರು. ಬೆಳೆದು ನೋಡಿದರೆ ಅದು ಸುಳ್ಳಾಗಿತ್ತು. ತಾನು ಮನುಷ್ಯನೇ ಅಲ್ಲವೆಂಬ ಭಾವನೆಯಿಂದ ಜೀವ ತೆಗೆದುಕೊಳ್ಳುವ ಆಲೋಚನೆಯವರೆಗೂ ಆ ಹುಡುಗ ಹೋಗಿದ್ದ. ನಮ್ಮ ತಂದೆತಾಯಿಗಳು ಇದನ್ನು ಗಮನಿಸಬೇಕು. ಸಹಿಸಿಕೊಂಡು ಓದಿಕೊಂಡು ಹೋಗು ಎಂಬ ಉಪದೇಶವನ್ನು ಆ ಮನೆಯಲ್ಲಿಯೂ ಪ್ರೀತಿಯಿಂದಲೇ ಕೊಟ್ಟಿದ್ದರು.

ಈ ನಾಲ್ವರೂ ವಸತಿನಿಲಯದ ಕೋಣೆಯಲ್ಲಿ ರಾತ್ರಿಗಳನ್ನು ಮಾತಿನಲ್ಲಿ ಕಳೆಯುತ್ತಿದ್ದರು. ಕ್ರಿಸ್‌ಮಸ್ ರಜೆ ಮುಗಿಸಿ ಮರಳುವಾಗ ಮೆಕ್‌ನೀಲ್‌ಗೆ ಬಸ್ ನಿಲ್ದಾಣದಲ್ಲಿ ಊಟ ಕೊಡದೆ ಕಳಿಸಿದ್ದರು. ಆ ಸಂಗತಿಯೂ ಮಾತಿಗೆ ಬಂತು. 1960ರ ಫೆಬ್ರವರಿ 1ರ ಸೋಮವಾರ ಸಂಜೆ ನಾಲ್ವರೂ ಊರಿನ ವೂಲ್‌ವರ್ತ್ ಅಂಗಡಿಗೆ ಹೋದರು. ಹಲ್ಲುಜ್ಜುವ ಪೇಸ್ಟು ಮುಂತಾದ ಸಣ್ಣಪುಟ್ಟ ಸಾಮಾನು ಕೊಂಡು ರಸೀದಿಯನ್ನು ಜೋಪಾನವಾಗಿ ಇಟ್ಟುಕೊಂಡರು. ಅಂಗಡಿಯಲ್ಲಿ ಕಪ್ಪು ಜನರಿಗೆ ಸಾಮಾನು ಮಾರುತ್ತಿದ್ದರು, ಹಣ ಪಡೆಯುತ್ತಿದ್ದರು. ಆದರೆ ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಕುಳಿತು ತಿನ್ನಲು ಅವರಿಗೆ ಅವಕಾಶವಿರಲಿಲ್ಲ. ನಾಲ್ವರೂ ಆ ಕೌಂಟರಿನ ಸ್ಟೂಲುಗಳ ಮೇಲೆ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಕುಳಿತಿದ್ದು ಎದ್ದು ಬಂದರು.

ಸ್ಟೂಲಿನ ಮೇಲೆ ಕುಳಿತ ಹದಿನೈದು ಸೆಕೆಂಡುಗಳಲ್ಲಿ ತಮಗೆ ಹಿಂದೆಂದೂ ಆಗದ ಹಿತವಾಯಿತು, ಕಳೆದುಹೋಗಿದ್ದ ಮನುಷ್ಯತನ ಮರಳಿ ಬಂದಂತಾಯಿತು, ಮೈಮನ ತೊಳೆದಂತಾಯಿತು ಎಂಬ ಅರ್ಥದ ಮಾತುಗಳನ್ನು ಮೆಕೇನ್ ಅನೇಕ ಬಾರಿ ಹೇಳಿದ್ದರು. ಸೆರೆಮನೆಗೆ ಹೋಗಬಹುದೆಂಬ, ಪೆಟ್ಟು ಬೀಳಬಹುದೆಂಬ ಭಯ ಆಗಲೂ ಇತ್ತು. ಆದರೂ ಆ ಹಿತ ಬಂತು.

ವೈದ್ಯರ ಕಣ್ಣಿಗೆ ಇಲ್ಲಿ ಮುಖ್ಯವಾದುದು ಆ ಹದಿನೈದು ಸೆಕೆಂಡು. ಆ ವೇಳೆಗೆ ಏನೂ ಗೆದ್ದಿರಲಿಲ್ಲ. ಕಾಫಿ ಬಂದಿರಲಿಲ್ಲ, ಅಂಗಡಿಯವರ ಮನಸ್ಸು ಬದಲಾಗಿರಲಿಲ್ಲ. ಆ ಕೌಂಟರು ಎಲ್ಲರಿಗೂ ತೆರೆದದ್ದು ಸುಮಾರು ಆರು ತಿಂಗಳ ನಂತರ, ಜುಲೈ 25ರಂದು. ಅಂದರೆ ಗೆಲುವು ಬರುವ ಬಹಳ ಮೊದಲೇ ಚೇತರಿಕೆ ಆರಂಭವಾಗಿತ್ತು. ಹೋರಾಟ ಮಾಡಿ ಲೋಕ ಬದಲಾದರೆ ಮನಸ್ಸಿಗೆ ಸಮಾಧಾನವಾಗುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕ್ರಮ ಅದಲ್ಲವೆಂದು ಈ ಪ್ರಸಂಗ ತೋರಿಸುತ್ತದೆ. ಅಷ್ಟು ದಿನ “ನನ್ನಲ್ಲಿ ಏನೋ ದೋಷವಿದೆ” ಎಂದು ಒಳಗೆ ಕುಳಿತಿದ್ದ ಲಜ್ಜೆಯು, ಕೌಂಟರಿನ ಈಚೆಯಿಂದ ಆಚೆಗೆ ದಾಟಿತು. ಕಾಫಿ ಕೇಳಿದವನು ನಾಚಬೇಕಾಗಿಲ್ಲ, ಕೊಡದವನು ನಾಚಬೇಕು ಎಂಬುದು ಬುದ್ಧಿಗೆ ಮೊದಲೇ ಗೊತ್ತಿದ್ದರೂ ದೇಹಕ್ಕೆ ಗೊತ್ತಾದದ್ದು ಕುಳಿತ ಮೇಲೆ. ವಿಷಾದವು ಏನೂ ಮಾಡಲಾಗದೆಂಬ ರೋಗವಾದುದರಿಂದ, ಏನನ್ನಾದರೂ ಮಾಡುವುದೇ ಅದರ ಪ್ರತಿಪಕ್ಷ. ಉಷ್ಣಕ್ಕೆ ಶೀತ ಹೇಗೋ ಹಾಗೆ.

ಒಂಟಿಯಾಗಿ ಹೋಗಿದ್ದರೆ ಇದೇ ಫಲ ಬರುತ್ತಿತ್ತೇ ಎಂಬುದು ನಮಗೆ ಸಂದೇಹ. ಚರಕರು ಮನೋಬಲವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಪ್ರವರಸತ್ತ್ವರು ಯಾವ ಕಷ್ಟದಲ್ಲಿಯೂ ತಾವೇ ನಿಲ್ಲಬಲ್ಲರು. ಅವರ ಸಂಖ್ಯೆ ಅಲ್ಪ. ಮಧ್ಯಮಸತ್ತ್ವರು ಇತರರು ಸಹಿಸುವುದನ್ನು ಕಂಡು ತಮ್ಮನ್ನು ತಾವು ಹಿಡಿದು ನಿಲ್ಲಿಸಿಕೊಳ್ಳುತ್ತಾರೆ, ಇಲ್ಲವೇ ಇತರರ ಆಸರೆಯಿಂದ ನಿಲ್ಲುತ್ತಾರೆ. ನಾವು ನೀವೆಲ್ಲ ಬಹುತೇಕ ಈ ವರ್ಗದವರು. ಜೊತೆಯೆಂಬುದು ನಮಗೆ ಅಲಂಕಾರವಲ್ಲ, ಔಷಧದ ಅನುಪಾನ. ಗ್ರೀನ್ಸ್‌ಬರೊದಲ್ಲಿ ಮರುದಿನ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಬಂದು ಕುಳಿತರು. ಅದೇ ವಾರದಲ್ಲಿ ಆ ಸಂಖ್ಯೆ ನೂರುಗಳಾಯಿತು. ಎರಡು ತಿಂಗಳೊಳಗೆ ಹದಿಮೂರು ರಾಜ್ಯಗಳ ಐವತ್ತಕ್ಕೂ ಹೆಚ್ಚು ನಗರಗಳಿಗೆ ಇಂತಹ ಧರಣಿ ಹರಡಿತು. ಕೆಲವು ಮನೋವೈದ್ಯರು ಆ ಕಾಲದ ನಗರಗಳನ್ನು ಅಧ್ಯಯನ ಮಾಡಿ 1965ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಸಂಘಟಿತ ಹೋರಾಟ ನಡೆದ ಅವಧಿಯಲ್ಲಿ ಕಪ್ಪು ಜನರ ನಡುವಣ ಅಪರಾಧಗಳು ಇಳಿದಿದ್ದವು ಎಂಬುದು ಅವರ ಗಮನಕ್ಕೆ ಬಂದಿತ್ತು. ದಾರಿಯಿಲ್ಲದ ಕೋಪವು ಪಕ್ಕದವನ ಮೇಲೆ ಬೀಳುತ್ತದೆ. ದಾರಿ ಸಿಕ್ಕರೆ ಅದೇ ಕೋಪ ಬೇರೆ ಕೆಲಸ ಮಾಡುತ್ತದೆ.

ಕೋಪದ ವಿಷಯ ಬಂದುದರಿಂದ ಒಂದು ಸಂದೇಹವನ್ನು ಇಲ್ಲಿಯೇ ನಿವಾರಿಸಬೇಕು. ಮಲಮೂತ್ರಾದಿ ಶರೀರದ ವೇಗಗಳನ್ನು ತಡೆಯಬಾರದು, ಆದರೆ ಕ್ರೋಧ, ಶೋಕ, ಭಯ ಮೊದಲಾದ ಮನಸ್ಸಿನ ವೇಗಗಳನ್ನು ಧಾರಣ ಮಾಡಬೇಕು ಎಂದು ಚರಕರು ಹೇಳುತ್ತಾರೆ. ಹಾಗಾದರೆ ಕೋಪವನ್ನು ನುಂಗಿಕೊಳ್ಳಬೇಕೆಂದಾಯಿತಲ್ಲ, ಹೋರಾಟ ಹೇಗೆ ಸರಿ ಎಂದು ಓದಿದವರು ಕೇಳಬಹುದು. ಧಾರಣವೆಂದರೆ ಹಿಡಿಯುವುದು, ಹೂತುಹಾಕುವುದಲ್ಲ. ಕುದುರೆಯನ್ನು ಲಗಾಮಿನಲ್ಲಿ ಹಿಡಿದವನು ಕುದುರೆಯನ್ನು ಕೊಂದವನಲ್ಲ.

ಈ ಹಿಡಿತವನ್ನು ಕಲಿಸಿದ ಒಂದು ಪಾಠಶಾಲೆಯೂ ಅಮೆರಿಕದಲ್ಲಿತ್ತು. ಅದರ ಬೇರು ನಮ್ಮ ದೇಶಕ್ಕೆ ತಾಗುತ್ತದೆ. ಜೇಮ್ಸ್ ಲಾಸನ್ ಎಂಬ ಕಪ್ಪು ಜನಾಂಗದ ತರುಣರು 1953ರಿಂದ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದರು. ಸ್ವದೇಶಕ್ಕೆ ಮರಳಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್ ನಗರದ ಚರ್ಚೊಂದರ ನೆಲಮಾಳಿಗೆಯಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ನೀಡತೊಡಗಿದರು. ಅಲ್ಲಿ ಒಬ್ಬರು ಕುರ್ಚಿಯಲ್ಲಿ ಕುಳಿತರೆ ಉಳಿದವರು ದ್ವೇಷಿಗಳ ವೇಷ ಧರಿಸಿದಂತೆ ಅವರನ್ನು ಬೈಯುವರು, ತಳ್ಳುವರು. ಕುಳಿತವರು ತಿರುಗಿ ಬೈಯಬಾರದು, ಕೈಯೆತ್ತಬಾರದು, ಬೆನ್ನು ನೇರವಾಗಿಟ್ಟು ಕುಳಿತಿರಬೇಕು. ವಾರಗಟ್ಟಲೆ ನಡೆದ ಈ ಅಭ್ಯಾಸದ ನಂತರವೇ ಅವರು 1960ರ ಫೆಬ್ರವರಿಯಲ್ಲಿ ಬೀದಿಗಿಳಿದದ್ದು. ಮುಂದೆ ಹಲವು ದಶಕ ಅಮೆರಿಕದ ಸಂಸತ್ತಿನಲ್ಲಿದ್ದ ಜಾನ್ ಲೂಯಿಸ್ ಈ ನೆಲಮಾಳಿಗೆಯ ವಿದ್ಯಾರ್ಥಿಗಳಲ್ಲೊಬ್ಬರು.

ಚಿಕಿತ್ಸೆಯ ದೃಷ್ಟಿಯಿಂದ ಆ ನೆಲಮಾಳಿಗೆಯಲ್ಲಿ ನಡೆದದ್ದೇನು? ಯಾವ ಬೈಗುಳವು ಬೀದಿಯಲ್ಲಿ ಹಠಾತ್ತನೆ ಬಿದ್ದು ಮನಸ್ಸನ್ನು ಸೀಳುತ್ತಿತ್ತೋ ಅದೇ ಬೈಗುಳವನ್ನು ಸ್ನೇಹಿತರ ಬಾಯಿಂದ, ಸುರಕ್ಷಿತವಾದ ಜಾಗದಲ್ಲಿ, ಅಳತೆ ಮಾಡಿ ಕೇಳಿಸಿಕೊಂಡರು. ವಿಷವನ್ನು ಶೋಧಿಸಿ ಅಲ್ಪ ಮಾತ್ರೆಯಲ್ಲಿ ಔಷಧವಾಗಿ ಕೊಡುವ ಕ್ರಮ ನಮ್ಮಲ್ಲಿ ಉಂಟು. ವತ್ಸನಾಭಿಯನ್ನು ಶುದ್ಧಿ ಮಾಡದೆ ಕೊಟ್ಟರೆ ಪ್ರಾಣಾಪಾಯ, ಮಾಡಿ ಕೊಟ್ಟರೆ ಜ್ವರಕ್ಕೆ ಮದ್ದು. ಈ ತರಬೇತಿಯನ್ನು ನಾವು ಅದರ ಜೊತೆಗೆ ಹೋಲಿಸುತ್ತೇವೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಡಿದು ನಿಲ್ಲಿಸುವ ಚಿಕಿತ್ಸೆಗೆ ಆಯುರ್ವೇದದಲ್ಲಿ ಸತ್ತ್ವಾವಜಯವೆಂದು ಹೆಸರು. ಲಾಸನ್ನರು ಆ ಶಬ್ದವನ್ನು ಕೇಳಿದ್ದರೋ ಇಲ್ಲವೋ, ಮಾಡಿದ್ದು ಅದನ್ನೇ.

ಮದ್ದಿಗೂ ಮಾತ್ರೆಯುಂಟು

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಮೊದಲ ದಿನ ಕುಳಿತ ಆ ನಾಲ್ವರಲ್ಲಿ ಮೆಕೇನ್ ರಸಾಯನಶಾಸ್ತ್ರಜ್ಞರಾಗಿ ದೊಡ್ಡ ಕಂಪನಿಯೊಂದರಲ್ಲಿ ದುಡಿದು ನಿವೃತ್ತರಾದರು. ಮೆಕ್‌ನೀಲ್ ವಾಯುಪಡೆಯಲ್ಲಿ ಮೇಜರ್ ಜನರಲ್ ಹುದ್ದೆಯವರೆಗೆ ಏರಿದರು. ಡೇವಿಡ್ ರಿಚ್‌ಮಂಡ್ ಅವರ ಬದುಕು ಹಾಗಾಗಲಿಲ್ಲ. ಗ್ರೀನ್ಸ್‌ಬರೊದಲ್ಲಿಯೇ ಉಳಿದ ಅವರಿಗೆ ಗಲಭೆಕೋರನೆಂಬ ಹಣೆಪಟ್ಟಿ ಅಂಟಿತು. ಕೊಲೆ ಬೆದರಿಕೆಗಳು ಬಂದು ಕೆಲವು ವರ್ಷ ಊರು ಬಿಟ್ಟು ಗುಡ್ಡಗಾಡಿನಲ್ಲಿ ಇರಬೇಕಾಯಿತು. ಪದವಿ ಪೂರ್ಣವಾಗಲಿಲ್ಲ. ಮದ್ಯದ ಮತ್ತು ಖಿನ್ನತೆಯ ಹಿಡಿತದೊಡನೆ ಸೆಣಸಿದರು. ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳಲು ಊರಿಗೆ ಮರಳಿ, ಶುಶ್ರೂಷಾಲಯವೊಂದರಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತ, 1990ರಲ್ಲಿ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾಲೇಜು ಗೌರವ ಡಾಕ್ಟರೇಟನ್ನು ಕೊಟ್ಟದ್ದು ಸತ್ತ ಮೇಲೆ.

ಒಂದೇ ಸಂಜೆ, ಒಂದೇ ಸಾಲಿನ ಸ್ಟೂಲು, ಒಂದೇ ಧೈರ್ಯ. ಆದರೂ ಫಲ ಬೇರೆಯಾಯಿತು. ರಿಚ್‌ಮಂಡ್ ಅವರ ಮನೋಬಲ ಕಡಿಮೆಯಿತ್ತೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಗಾಯವಾದ ಜಾಗದಲ್ಲಿಯೇ, ಗಾಯ ಮಾಡಿದವರ ನಡುವೆಯೇ ಉಳಿದು, ಜೊತೆಗಾರರು ಒಬ್ಬೊಬ್ಬರಾಗಿ ದೂರವಾದ ಮೇಲೆ ಅವರು ಆ ಭಾರವನ್ನು ಒಬ್ಬರೇ ಹೊತ್ತರು. ಔಷಧವು ನಿಂತುಹೋಗಿತ್ತು, ರೋಗಕಾರಣವು ನಿಂತಿರಲಿಲ್ಲ.

ಚಳವಳಿಯ ತರುಣರ ನಡುವೆ ಇದ್ದು ಅವರನ್ನು ಹತ್ತಿರದಿಂದ ಕಂಡ ಮನೋವೈದ್ಯ ರಾಬರ್ಟ್ ಕೋಲ್ಸ್ 1964ರಲ್ಲಿಯೇ ಈ ಆಯಾಸದ ಬಗ್ಗೆ ಬರೆದರು. ಉತ್ಸಾಹದಿಂದ ಬಂದವರು ಒಂದೆರಡು ವರ್ಷಗಳಲ್ಲಿ ಬಳಲಿ, ಕುಗ್ಗಿ, ತಮ್ಮವರ ಮೇಲೆಯೇ ಸಿಡುಕುವ ಸ್ಥಿತಿಗೆ ಬರುತ್ತಿದ್ದುದನ್ನು ಅವರು ಗುರುತಿಸಿದ್ದರು. 1980ರ ದಶಕದಲ್ಲಿ ಶರ್ಮನ್ ಜೇಮ್ಸ್ ಎಂಬ ವಿದ್ವಾಂಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಮೆರಿಕದ ಕಪ್ಪು ಜನರಲ್ಲಿ ಜಾನ್ ಹೆನ್ರಿ ಎಂಬ ಕಾರ್ಮಿಕನ ಐತಿಹ್ಯವಿದೆ. ಸುರಂಗ ತೋಡುವ ಉಗಿಯಂತ್ರದೊಡನೆ ಸುತ್ತಿಗೆ ಹಿಡಿದು ಪಂದ್ಯ ಕಟ್ಟಿ, ಗೆದ್ದು, ಗೆದ್ದ ಜಾಗದಲ್ಲಿಯೇ ಬಿದ್ದು ಸತ್ತವನು ಅವನು. ಎಷ್ಟೇ ಅಡ್ಡಿ ಬಂದರೂ ಇನ್ನೂ ಹೆಚ್ಚು ದುಡಿದು ಒಬ್ಬನೇ ಎದುರಿಸುತ್ತೇನೆ ಎನ್ನುವ ಸ್ವಭಾವಕ್ಕೆ ಜೇಮ್ಸ್ ಅವರು ಇವನ ಹೆಸರನ್ನೇ ಇಟ್ಟು, ಕೈಯಲ್ಲಿ ಅನುಕೂಲವಿಲ್ಲದ ಬಡವರಲ್ಲಿ ಈ ಸ್ವಭಾವದ ಜೊತೆ ರಕ್ತದೊತ್ತಡವೂ ಏರಿರುವುದನ್ನು ತೋರಿಸಿದರು. ಹಠಕ್ಕೆ ಬೆಲೆ ಕೊಟ್ಟದ್ದು ಹೃದಯ.

ಚರಕರು ಶೋಷವೆಂಬ ಕ್ಷಯಕಾರಕ ರೋಗಕ್ಕೆ ನಾಲ್ಕು ಕಾರಣಗಳನ್ನು ಹೇಳುವಾಗ ಮೊದಲನೆಯದಾಗಿ ಸಾಹಸವನ್ನು ಹೆಸರಿಸುತ್ತಾರೆ. ಕನ್ನಡದಲ್ಲಿ ಸಾಹಸವೆಂದರೆ ಹೊಗಳಿಕೆಯ ಮಾತು. ಅಲ್ಲಿ ಅದು ಶಕ್ತಿಯನ್ನು ಮೀರಿದ ದುಡಿಮೆ. ದುರ್ಬಲನಾದವನು ಬಲವಂತನೊಡನೆ ಸೆಣಸುವುದನ್ನೂ, ಹೊರಲಾರದ ಭಾರ ಹೊರುವುದನ್ನೂ ಅವರು ಉದಾಹರಣೆಯಾಗಿ ಕೊಡುತ್ತಾರೆ. ಉಳಿದುದನ್ನೆಲ್ಲ ಬದಿಗಿಟ್ಟಾದರೂ ಶರೀರವನ್ನು ಕಾಯಬೇಕೆಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಹೋರಾಟವು ವಿಷಾದಕ್ಕೆ ಮದ್ದು, ಆದರೆ ಏಕಾಂಗಿಯಾಗಿ ವಿಶ್ರಾಂತಿಯಿಲ್ಲದೆ ಮಾಡಿದ ಹೋರಾಟವು ಸಾಹಸ.

ಈ ಎರಡನ್ನೂ ಒಂದೇ ಜೀವನದಲ್ಲಿ ಕಾಣಬೇಕಾದರೆ ಮಿಸಿಸಿಪಿಯ ಫ್ಯಾನಿ ಲೂ ಹೇಮರ್ ಅವರನ್ನು ನೋಡಬೇಕು. ಹತ್ತಿ ಬಿಡಿಸುವ ಬಡ ಗೇಣಿದಾರರ ಇಪ್ಪತ್ತನೆಯ ಮಗು. 1961ರಲ್ಲಿ ಗಡ್ಡೆ ತೆಗೆಯಲು ಆಸ್ಪತ್ರೆ ಸೇರಿದಾಗ ಆಕೆಯ ಒಪ್ಪಿಗೆಯಿಲ್ಲದೆ ಗರ್ಭಕೋಶವನ್ನೇ ತೆಗೆದುಹಾಕಿದರು. ಮರುವರ್ಷ ಆಗಸ್ಟಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹದಿನೇಳು ಜನರೊಡನೆ ಬಸ್ಸಿನಲ್ಲಿ ಹೋದರು. ಹಿಂದಿರುಗುವಾಗ ಪೊಲೀಸರು ಬಸ್ಸನ್ನು ತಡೆದರು; ಬಸ್ಸಿನ ಹಳದಿ ಬಣ್ಣ ಸರಿಯಿಲ್ಲವೆಂದು ದಂಡ ಹಾಕಿದರು. ಒಳಗಿದ್ದವರೆಲ್ಲ ಹೆದರಿ ಕುಳಿತಿದ್ದಾಗ ಹೇಮರ್ ಭಕ್ತಿಗೀತೆಗಳನ್ನು ಹಾಡತೊಡಗಿದರು, ಉಳಿದವರು ದನಿಗೂಡಿಸಿದರು. ಸಾಮೂಹಿಕ ಗಾಯನದಿಂದ ಉಸಿರು ದೀರ್ಘವಾಗುತ್ತದೆ, ಎದೆಬಡಿತ ಇಳಿಯುತ್ತದೆ. ಭಜನೆಯಲ್ಲಿ ಕುಳಿತು ಅಭ್ಯಾಸವಿರುವ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ರಾತ್ರಿ ಜಮೀನುದಾರ ಆಕೆಯನ್ನು ಮನೆಯಿಂದ ಹೊರಹಾಕಿದ. 1963ರ ಜೂನಿನಲ್ಲಿ ವಿನೋನಾ ಎಂಬ ಊರಿನ ಸೆರೆಯಲ್ಲಿ ಬಿದ್ದ ಪೆಟ್ಟಿನಿಂದ ಮೂತ್ರಪಿಂಡಕ್ಕೆ ಶಾಶ್ವತವಾದ ಹಾನಿಯಾಯಿತು. ಮುಂದಿನ ವರ್ಷ ರಾಷ್ಟ್ರವೆಲ್ಲ ದೂರದರ್ಶನದಲ್ಲಿ ನೋಡುತ್ತಿರುವಾಗ ಆಕೆ ಆ ಪೆಟ್ಟಿನ ಕಥೆಯನ್ನು ತಾನೇ ಹೇಳಿದರು. ಬಚ್ಚಿಡಬೇಕಾದ ನಾಚಿಕೆಯಾಗಿದ್ದುದು ಸಾಕ್ಷ್ಯವಾಯಿತು. 1969ರಲ್ಲಿ ಬಡವರಿಗಾಗಿ ಸಹಕಾರಿ ಬೇಸಾಯವನ್ನು ಆರಂಭಿಸಿ, ಹಸಿದ ಮನೆಗಳಿಗೆ ಕಾಯಿಪಲ್ಲೆ, ಸಾಕಲು ಹಂದಿಮರಿ ದೊರೆಯುವಂತೆ ಮಾಡಿದರು. ಆದರೆ ಇಷ್ಟೆಲ್ಲರ ಹಸಿವನ್ನು ಕಂಡ ಆಕೆಯ ದೇಹ ಮಾತ್ರ ಸೋಲುತ್ತಲೇ ಹೋಯಿತು; ರಕ್ತದೊತ್ತಡ ಮತ್ತು ಕ್ಯಾನ್ಸರಿನಿಂದ ಬಳಲಿ 1977ರಲ್ಲಿ, 59ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಆಕೆಯ ಮನಸ್ಸು ಗುಣವಾಗಿತ್ತೆಂದು ನಾವು ನಂಬುತ್ತೇವೆ. ದೇಹವನ್ನು ನೋಡಿಕೊಳ್ಳುವವರು ಸಾಕಷ್ಟು ಇರಲಿಲ್ಲ.

ನಮ್ಮ ಮಕ್ಕಳಿಗೆ ಹೇಳಬೇಕಾದುದು

ಇದು ಅವರ ಕಥೆ, ನಮ್ಮದಲ್ಲ ಎನ್ನುವಂತಿಲ್ಲ. 2017ರ ಫೆಬ್ರವರಿ 22ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಲೇತ ಪಟ್ಟಣದಲ್ಲಿ ಹೈದರಾಬಾದಿನ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು, ನಮ್ಮ ದೇಶ ಬಿಟ್ಟು ತೊಲಗು ಎಂದು ಕೂಗುತ್ತ ಒಬ್ಬನು ಗುಂಡಿಟ್ಟು ಕೊಂದನು. ಆಗ ಅವರಿಗೆ 32 ವರ್ಷ. ನಾವು ಇಲ್ಲಿಯವರೇ, ಇಲ್ಲಿರಲು ನಮಗೆ ಸ್ಥಳವುಂಟೇ ಎಂದು ಅವರ ಪತ್ನಿ ಸುನಯನಾ ದುಮಾಲಾ ಆಗ ಬಹಿರಂಗವಾಗಿ ಕೇಳಿದರು. ಗಂಡನ ವೀಸಾದ ಮೇಲೆ ಅಲ್ಲಿದ್ದುದರಿಂದ ಉಳಿಯುವ ಹಕ್ಕೂ ಅವರ ಕೈತಪ್ಪಿತ್ತು. ಆಕೆ ಅಲ್ಲಿಗೇ ಮರಳಿ, ವಲಸೆ ಬಂದವರು ಮತ್ತು ಸ್ಥಳೀಯರು ಪರಸ್ಪರ ಪರಿಚಯವಾಗಲೆಂದು ‘ಫಾರೆವರ್ ವೆಲ್ಕಮ್’ ಎಂಬ ಸಂಸ್ಥೆಯನ್ನು ಕಟ್ಟಿದರು. ದುಃಖ ಹೋಯಿತೆಂದು ಇದರ ಅರ್ಥವಲ್ಲ. ಕೇಳಿದ ಪ್ರಶ್ನೆಗೆ ಆಕೆ ಉತ್ತರಕ್ಕಾಗಿ ಕಾಯದೆ ತಾವೇ ಉತ್ತರವನ್ನು ಕಟ್ಟತೊಡಗಿದರು.

ಒಂದು ಮಾತನ್ನು ನಡುವೆ ಹೇಳಿಬಿಡುತ್ತೇವೆ. 2012ರ ಆಗಸ್ಟಿನಲ್ಲಿ ಗಾಳಿಮಾತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ನಮ್ಮ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ಕಣ್ಣು ಮೂಗುಗಳ ಆಕಾರ ನೋಡಿ ಕರೆಯುವ ಅಡ್ಡಹೆಸರುಗಳನ್ನು ಅವರು ಅದಕ್ಕೂ ಮೊದಲೇ ಬಹಳ ಕೇಳಿದ್ದರು. ಹುಟ್ಟನ್ನು ಹಿಡಿದು ಅವಮಾನಿಸುವ ರೋಗ ಸಮುದ್ರದ ಆಚೆಗಷ್ಟೇ ಇದೆಯೆಂದು ತಿಳಿಯುವವರಿಗೆ ಈ ಲೇಖನ ಉಪಯೋಗವಾಗದು.

ಮಕ್ಕಳು ಫೋನಿನಲ್ಲಿ ಇಂತಹ ಸಂಗತಿ ಹೇಳಿದಾಗ ತಂದೆತಾಯಿಗಳು ಮೊದಲು ಪೂರ್ತಿಯಾಗಿ ಕೇಳಿಸಿಕೊಳ್ಳಿರಿ. “ಅವನು ಹಾಗೆ ಅಂದಿರಲಿಕ್ಕಿಲ್ಲ”, “ನೀನೇನು ಮಾಡಿದೆ?” ಎಂಬ ಎರಡು ಮಾತುಗಳು ಗಾಯಕ್ಕೆ ಉಪ್ಪು ಸವರುತ್ತವೆ. ನಡೆದುದನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಲು ಹೇಳಿರಿ. ದೂರಿಗೂ ಅನುಕೂಲ, ಮನಸ್ಸಿನಿಂದ ಕಾಗದಕ್ಕೆ ಇಳಿದುದು ರಾತ್ರಿ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿನ ಕನ್ನಡ ಕೂಟವಿರಲಿ, ವಿದ್ಯಾರ್ಥಿ ಸಂಘವಿರಲಿ, ಇದೇ ನೋವುಂಡ ಬೇರೆ ಜನಾಂಗದವರ ಗುಂಪಿರಲಿ, ಒಬ್ಬಂಟಿಯಾಗಿ ಇರಬೇಡ ಎನ್ನಿರಿ. ಎಲ್ಲರೂ ಬೀದಿಯಲ್ಲಿ ಫಲಕ ಹಿಡಿಯಬೇಕಾಗಿಲ್ಲ. ಹೊಸದಾಗಿ ಬಂದ ಹುಡುಗನಿಗೆ ದೂರು ಬರೆಯಲು ನೆರವಾಗುವುದು, ಹೆದರಿದವನ ಜೊತೆ ಕಚೇರಿಗೆ ಹೋಗಿ ಬರುವುದು, ಶಾಲೆಯಲ್ಲಿ ಮಕ್ಕಳಿಗೆ ತಿಳಿಹೇಳುವುದು, ಇವೂ ಹೋರಾಟವೇ. ವೀಸಾದ ಮೇಲಿರುವವರು ತಮ್ಮ ಕಾನೂನಿನ ಮಿತಿಯನ್ನು ವಕೀಲರಿಂದ ಮೊದಲು ತಿಳಿದುಕೊಳ್ಳಬೇಕು.

ಇಂತಹ ಕೆಲಸಕ್ಕೆ ಇಳಿದವರ ದಿನಚರಿಯ ಬಗ್ಗೆ ನಮ್ಮ ಸಲಹೆ ಕಟ್ಟುನಿಟ್ಟಾದುದು. ಹೊತ್ತಿಗೆ ಸರಿಯಾಗಿ ಬಿಸಿಯಾದ ಊಟ, ರಾತ್ರಿ ಏಳು ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆ, ವಾರಕ್ಕೊಮ್ಮೆ ಉಗುರುಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಪ್ರತಿದಿನ ಪಾದಕ್ಕೆ ಎಣ್ಣೆ. ಮಲಗುವ ಒಂದು ಗಂಟೆ ಮೊದಲು ಮೊಬೈಲಿನಲ್ಲಿ ದ್ವೇಷದ ಸುದ್ದಿ ಮತ್ತು ಚಿತ್ರಗಳನ್ನು ನೋಡುವುದನ್ನು ನಿಲ್ಲಿಸಬೇಕು. ವಾರದಲ್ಲಿ ಒಂದು ದಿನ ಹೋರಾಟದ ಮಾತೇ ಬೇಡ. ಅಂದು ಇನ್ನೊಬ್ಬರು ಆ ಭಾರ ಹೊರಲಿ. ರಕ್ತದೊತ್ತಡವನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಬ್ರಾಹ್ಮಿ, ಅಶ್ವಗಂಧಗಳನ್ನು ಎಲ್ಲರೂ ಕೇಳುತ್ತಾರೆ. ಸಮೀಪದ ವೈದ್ಯರನ್ನು ಕಂಡು ಪ್ರಕೃತಿ ನೋಡಿ ಕೊಡಬೇಕಾದ ಔಷಧಗಳವು. ಥೈರಾಯ್ಡ್ ಮಾತ್ರೆ ಸೇವಿಸುವವರೂ ಗರ್ಭಿಣಿಯರೂ ತಾವಾಗಿಯೇ ಅಶ್ವಗಂಧವನ್ನು ತೆಗೆದುಕೊಳ್ಳಬಾರದು.

ಎರಡು ವಾರಗಳಿಗಿಂತ ಹೆಚ್ಚು ಕಾಲ ನಿದ್ರೆ ಹಸಿವುಗಳಿಲ್ಲದಿದ್ದರೆ, ನಡೆದ ಘಟನೆ ಕಣ್ಣ ಮುಂದೆ ಮತ್ತೆ ಮತ್ತೆ ಬಂದು ಬೆಚ್ಚಿಬೀಳುತ್ತಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಬದುಕು ಬೇಡವೆಂಬ ಮಾತು ಒಮ್ಮೆಯಾದರೂ ಬಂದರೆ, ಮನೋವೈದ್ಯರನ್ನು ಕಾಣುವುದನ್ನು ಒಂದು ದಿನವೂ ಮುಂದೂಡಬೇಡಿ. ಅಮೆರಿಕದಲ್ಲಿರುವವರು 988ಕ್ಕೆ, ನಮ್ಮ ದೇಶದಲ್ಲಿರುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ವೇಳೆಯಲ್ಲಾದರೂ ಕರೆ ಮಾಡಬಹುದು. 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.